ಜುಟ್ಟಿಗೆ ಮಲ್ಲಿಗೆ, ಮುಂಚಕ್ರಕ್ಕೆ 20 ಕಡ್ಡಿ

ಈಗಷ್ಟೇ ಒಂದು ಪಾರ್ಟ್ಸ್ ಪಟ್ಟಿ ನೋಡಿದೆ. ಸೈಕಲ್ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆದು ಗೋಲು ಹಾಕುವ ಆಟ, ಬೈಕ್ ಪೋಲೋಗೆಂದೇ ಕಟ್ಟಿಸುತ್ತಿರುವ ಹೊಸ ಸೈಕಲ್ಲಂತೆ. ಟ್ರ್ಯಾಕ್ ರೇಸಿನ ಕ್ರ್ಯಾಂಕು (ಪೆಡಲ್ಲಿನ ತೋಳು), ಚಿನ್ನದ ಬಣ್ಣದ ಚೈನು, ಅದಕ್ಕೆ ಒಪ್ಪುವ ನಟ್ಟುಗಳು, ಕಾರ್ಬನ್ ಸೀಟ್‌ಪೋಸ್ಟು. ಎಲ್ಲ ದಾಟಿ ಕೆಳಗೆ ಬಂದರೆ ಮುಂಚಕ್ರ: 20 ಕಡ್ಡಿ, ಅದೂ ರೇಡಿಯಲ್, ಅಂದರೆ ಒಂದನ್ನೊಂದು ದಾಟದ ನೇರ ಕಡ್ಡಿಗಳು. ಬ್ರೇಕಿನ ಮುಂದೆ "ಆಮೇಲೆ ನೋಡೋಣ" ಅಂತ ಬರೆದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ.

ಸ್ವಾಮಿ, ಪೋಲೋ ಸೈಕಲ್ಲಿನ ಪಟ್ಟಿ ಶುರುವಾಗಬೇಕಾದದ್ದು ಮುಂಚಕ್ರ ಮತ್ತು ಬ್ರೇಕಿನಿಂದ. ಫ್ರೇಮು ಆಮೇಲೆ. ಬಣ್ಣ ದುಡ್ಡು ಮಿಕ್ಕರೆ.

ಆಟ ಏನು ಬೇಡುತ್ತೆ ಅಂತ ನೋಡಿ. ಗಟ್ಟಿ ನೆಲ, ಸುತ್ತ ಹಲಗೆ, ಒಂದೊಂದು ಕಡೆ ಮೂರು ಜನ. ಒಂದು ಕೈಯಲ್ಲಿ ಚೆಂಡು ಹೊಡೆಯುವ ಕೋಲು, ಅಂದರೆ ಮ್ಯಾಲೆಟ್, ಇನ್ನೊಂದರಲ್ಲಿ ಹ್ಯಾಂಡಲ್ಲು ಮತ್ತು ಬ್ರೇಕು ಎರಡೂ. ಕಾಲು ನೆಲಕ್ಕೆ ತಾಗಿತೋ, ಅಂಕಣದ ಮಧ್ಯಕ್ಕೆ ಹೋಗಿ ಮ್ಯಾಲೆಟ್‌ನಿಂದ ತಟ್ಟಿ ಬರುವ ತನಕ ಚೆಂಡು ಮುಟ್ಟುವ ಹಾಗಿಲ್ಲ. ಅಂದರೆ ಗಳಿಗೆಗೊಮ್ಮೆ ನಿಲ್ಲಬೇಕು, ನಿಂತಲ್ಲೇ ತೂಗಬೇಕು, ಮುಂಚಕ್ರದ ಮೇಲೆ ಭಾರ ಹಾಕಿ ಹಿಂಭಾಗ ಎತ್ತಿ ತಿರುಗಿಸಬೇಕು. ಆ ಭಾರ, ಆ ತಿರುಚು, ಪಕ್ಕದವನ ಡಿಕ್ಕಿ ಎಲ್ಲವೂ ಹೋಗಿ ಬೀಳೋದು ಎಲ್ಲಿ? ಆ 20 ಕಡ್ಡಿಗಳ ಮೇಲೆ.

36 ತೂತಿನ ಹಬ್ಬು (ಚಕ್ರದ ನಡುವಿನ ಗುಂಬ), ಎರಡು ಗೋಡೆಯ ಅಗಲ ರಿಮ್ಮು, 2 ಮಿ.ಮೀ. ದಪ್ಪದ ಸಾದಾ ಕಡ್ಡಿ, ಒಂದೊಂದು ಕಡ್ಡಿಯೂ ಬೇರೆ ಮೂರನ್ನು ದಾಟುವ ಮೂರು ಕ್ರಾಸ್ ಹೆಣಿಗೆ. ಬೇಕಾದ್ದು ಇಷ್ಟು. 32 ಆದರೂ ನಡೆಯುತ್ತೆ, 48 ಸಿಕ್ಕರೆ ಹಾಕಿ, ಯಾರೂ ನಗೋದಿಲ್ಲ. ರೇಡಿಯಲ್ ಹೆಣಿಗೆಯಲ್ಲಿ ಕಡ್ಡಿ ಹಬ್ಬಿನಿಂದ ರಿಮ್ಮಿಗೆ ನೇರ ಹೋಗುತ್ತೆ, ಹಬ್ಬಿನ ತಿರುಚುಬಲವನ್ನು ರಿಮ್ಮಿಗೆ ದಾಟಿಸೋಕೆ ಆಗೋಲ್ಲ. ಡಿಸ್ಕ್ ಬ್ರೇಕು ಹಿಡಿಯೋದೇ ಹಬ್ಬನ್ನು. ಹಾಗಾಗಿ ರೇಡಿಯಲ್ ಚಕ್ರ, ಡಿಸ್ಕ್ ಬ್ರೇಕು ಎರಡೂ ಒಂದೇ ಪಟ್ಟಿಯಲ್ಲಿ ಇರಲೇಬಾರದು.

ಡಿಸ್ಕ್ ಯಾಕೆ ಅಂತ ಕೇಳುವವರು ಇನ್ನೂ ಇದ್ದಾರೆ. ರಿಮ್ ಬ್ರೇಕಿನ ರಬ್ಬರು ರಿಮ್ಮಿನಿಂದ ಒಂದೆರಡು ಮಿ.ಮೀ. ದೂರ ಇರುತ್ತೆ. ಒಂದು ಸರಿಯಾದ ಡಿಕ್ಕಿಗೆ ರಿಮ್ಮು ಮೂರು ನಾಲ್ಕು ಮಿ.ಮೀ. ಬೆಂಡಾದರೆ ರಬ್ಬರಿಗೆ ಉಜ್ಜುತ್ತೆ. ಆಟದ ಮಧ್ಯೆ ಬೆಂಡು ತೆಗೆಯೋಕೆ ಯಾರಿಗೂ ಪುರುಸೊತ್ತಿಲ್ಲ, ಕೇಬಲ್ ಸಡಿಲ ಮಾಡ್ತಾರೆ. ಆಗ ಲಿವರು ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕು ಹಿಡಿಯೋಲ್ಲ. ಡಿಸ್ಕಿಗೆ ರಿಮ್ಮಿನ ಬೆಂಡಿನ ಗೊಡವೆ ಇಲ್ಲ. ರೋಟರ್, ಅಂದರೆ ಹಬ್ಬಿಗೆ ಕೂರುವ ಆ ತಟ್ಟೆ, 160 ಮಿ.ಮೀ. ಸಾಕು. ಅದು ಎಡಗಡೆ ಇರೋದರಿಂದ ಬಲಗೈ ಆಟಗಾರನ ಸ್ವಂತ ಮ್ಯಾಲೆಟ್ಟಿಗೆ ಅಷ್ಟಾಗಿ ಸಿಗೋಲ್ಲ. ಎದುರಾಳಿಯ ಪೆಡಲ್ಲಿಗೆ ಸಿಗುತ್ತೆ. ಸಣ್ಣದಾಗಿ ಸೊಟ್ಟಾದರೆ ಅಡ್ಜಸ್ಟಬಲ್ ಸ್ಪ್ಯಾನರಿನಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೇರ ಮಾಡಬಹುದು. ಮುಂಚಕ್ರವನ್ನು ಎರಡು ಕಾಲಿನ ನಡುವೆ ಹಿಡಿಯುವ ಫೋರ್ಕು ಮಾತ್ರ ಡಿಸ್ಕಿಗೆಂದೇ ಮಾಡಿದ್ದಿರಲಿ. ಹಳೇ ತೆಳು ಫೋರ್ಕಿಗೆ ಕ್ಯಾಲಿಪರ್ (ರೋಟರನ್ನು ಕಚ್ಚುವ ಭಾಗ) ಕೂರುವ ಕಿವಿ ಬೆಸೆಸಿದರೆ ಎಡಗಾಲು ಒಂದಕ್ಕೇ ಬೀಳುವ ಎಳೆತಕ್ಕೆ ಅದು ಬಗ್ಗುತ್ತೆ.

ಇನ್ನು ಲಿವರು. ಇಲ್ಲಿ ಎಡವುವವರ ಲೆಕ್ಕವೇ ಇಲ್ಲ. ವಿ ಬ್ರೇಕು (ಎರಡು ಉದ್ದ ತೋಳಿನ ರಿಮ್ ಬ್ರೇಕು), ಮೌಂಟನ್ ಬೈಕಿನ ಕೇಬಲ್ ಡಿಸ್ಕು ಎರಡಕ್ಕೂ ಕೇಬಲ್ಲನ್ನು ಉದ್ದ ಎಳೆಯುವ ಲಿವರು ಬೇಕು. ರೋಡ್ ಬೈಕಿನ ರಿಮ್ ಬ್ರೇಕು, ರೋಡ್ ಡಿಸ್ಕುಗಳಿಗೆ ಕಡಿಮೆ ಎಳೆಯುವುದು. ಅದಲು ಬದಲಾದರೆ, ಒಂದು ಕಡೆ ಲಿವರು ಹ್ಯಾಂಡಲ್ ಮುಟ್ಟುವಷ್ಟರಲ್ಲೂ ಪ್ಯಾಡು ಕಚ್ಚಿರೋಲ್ಲ. ಇನ್ನೊಂದು ಕಡೆ ಲಿವರು ಕಲ್ಲಿನಂತೆ ಗಟ್ಟಿ, ಹಿಡಿತ ಮಾತ್ರ ಇಲ್ಲ. ಎರಡೂ ಚಕ್ರಕ್ಕೆ ಬ್ರೇಕು ಬೇಕಿದ್ದರೆ ಒಂದೇ ಲಿವರಿನಿಂದ ಎರಡು ಕೇಬಲ್ ಎಳೆಯುವಂಥದ್ದು ತಗೊಂಡು, ಹಿಂದಿನದು ಕೂದಲೆಳೆ ಮೊದಲು ಕಚ್ಚುವಂತೆ ಹೊಂದಿಸಿ. ಎಲ್ಲವೂ ಮ್ಯಾಲೆಟ್ ಹಿಡಿಯದ ಕೈಯ ಕಡೆಗೆ. (ಬಲಗೈ ಆಟಗಾರನಿಗೆ ಬಲಗಡೆಗೇ ಲಿವರು ಕೂರಿಸಿದ ಸೈಕಲ್ಲುಗಳಿವೆ. ನೋಡಿದಾಗ ಬಿಪಿ ಏರುತ್ತೆ.)

ಆ ಟ್ರ್ಯಾಕ್ ಕ್ರ್ಯಾಂಕಿನ ವಿಷಯಕ್ಕೆ ಬರ್ತೀನಿ, ಬಿಡೋ ಮಾತೇ ಇಲ್ಲ. ಪೋಲೋಗೆ ಪೆಡಲ್ಲು ಒಂದು ಸುತ್ತು ಬಂದರೆ ಚಕ್ರ ಒಂದೂವರೆ ಸುತ್ತು ಬಂದರೆ ಸಾಕು, 1.4ರಿಂದ 1.7ರೊಳಗೆ ಎಲ್ಲಿದ್ದರೂ ಸರಿ. ಮುಂದೆ 32 ಹಲ್ಲು, ಹಿಂದೆ 22 ಹಾಕಿದರೆ 1.45, 700ರ (ರೋಡ್ ಬೈಕಿನ ದೊಡ್ಡ) ಚಕ್ರಕ್ಕೆ ಹದವಾಗಿರುತ್ತೆ. 26 ಇಂಚಿನ ಚಕ್ರಕ್ಕೆ 36ಕ್ಕೆ 22. ಟ್ರ್ಯಾಕ್ ಕ್ರ್ಯಾಂಕಿನಲ್ಲಿ ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಕೂರಿಸುವ ಬೋಲ್ಟುಗಳ ವೃತ್ತದ ವ್ಯಾಸ 144 ಮಿ.ಮೀ. ಅದಕ್ಕೆ 41ಕ್ಕಿಂತ ಕಡಿಮೆ ಹಲ್ಲಿನ ರಿಂಗು ಕೂರೋದೇ ಇಲ್ಲ. ಹಿಂದೆ 22 ಹಾಕಿದರೂ 1.86. ಸೊನ್ನೆಯಿಂದ ಹೊರಡುವಷ್ಟರಲ್ಲಿ ಚೆಂಡು ಗೋಲಿನಲ್ಲಿರುತ್ತೆ. ಅದೇ 104 ಮಿ.ಮೀ.ಯ ಹಳೇ ಮೌಂಟನ್ ಬೈಕ್ ಕ್ರ್ಯಾಂಕಿಗೆ 32 ಸಲೀಸಾಗಿ ಕೂರುತ್ತೆ, ಹೊರಗಿನ ದೊಡ್ಡ ರಿಂಗಿನ ಜಾಗಕ್ಕೆ ಪೆಟ್ಟು ತಡೆಯುವ ಬ್ಯಾಷ್ ಗಾರ್ಡು ಬರುತ್ತೆ. ಚೈನು ಇರೋದು ಬಲಗಡೆ, ಅಂದರೆ ಮ್ಯಾಲೆಟ್ ಬೀಸುವ ಕಡೆ. ಗಾರ್ಡಿಲ್ಲದಿದ್ದರೆ ಹಲ್ಲುಗಳ ಕತೆ ಮುಗೀತು. ಕ್ರ್ಯಾಂಕಿನ ಉದ್ದ 165 ಮಿ.ಮೀ. ಮೀರದಿರಲಿ, ತಿರುವಿನಲ್ಲಿ ಪೆಡಲ್ಲು ನೆಲಕ್ಕೆ ಬಡಿಯೋದೂ ಶೂ ಮುಂಚಕ್ರಕ್ಕೆ ತಾಗೋದೂ ಕಡಿಮೆ.

ಹಿಂದಿನ ಹಬ್ಬಿಗೆ ನನ್ನ ಮತ 135 ಮಿ.ಮೀ. ಕ್ಯಾಸೆಟ್ ಹಬ್ಬು, ಅಂದರೆ ಹಲ್ಲುಚಕ್ರವನ್ನು ಜಾರಿಸಿ ಕೂರಿಸುವಂಥದ್ದು. ಒಂದೇ ಹಲ್ಲುಚಕ್ರ, ಎರಡೂ ಕಡೆ ಸ್ಪೇಸರ್. ಚೈನು ಓರೆಯಾದರೆ ಸ್ಪೇಸರ್ ಆಚೀಚೆ ಮಾಡಿ ನೇರ ತರಬಹುದು, ಹಬ್ಬಿಗೆ ತಿರುಪಿನಂತೆ ಬಿಗಿಯುವ ಫ್ರೀವೀಲಿನಲ್ಲಿ ಆ ಸೌಲಭ್ಯ ಇಲ್ಲ. ತುಳಿದಾಗ ಹಬ್ಬು ಕಚ್ಚುವ ಬಿಂದುಗಳು ಒಂದು ಸುತ್ತಿಗೆ ಎಷ್ಟು ಅಂತ ಎಣಿಸಿಯೇ ಕೊಳ್ಳಿ. 18 ಇದ್ದರೆ ಹಿಂದಿನ ಹಲ್ಲುಚಕ್ರ 20 ಡಿಗ್ರಿ ತನಕ ಸುಮ್ಮನೆ ತಿರುಗಬಹುದು. 36 ಇದ್ದರೆ 10, 72 ಇದ್ದರೆ 5. ನಿಂತಲ್ಲೇ ತೂಗುವಾಗ ಆ 20 ಡಿಗ್ರಿಯಲ್ಲೇ ಕಾಲು ನೆಲ ಸೇರುತ್ತೆ. ಚಿನ್ನದ ಚೈನಿನ ದುಡ್ಡು ಇಲ್ಲಿಗೆ ಬರಬೇಕಿತ್ತು.

"ಆದರೆ ತೂಕ?" ಅಂತ ಒಬ್ಬರು ಕೇಳೇ ಕೇಳ್ತಾರೆ. ಸರಿ, ಒಪ್ಪಿದೆ. ಹಗುರ ಚಕ್ರ ಬೇಗ ಹೊರಡುತ್ತೆ, ಪೋಲೋದಲ್ಲಿ ಹೊರಡೋದೇ ಮುಖ್ಯ. ಹಾಗಂತ 16 ಕಡ್ಡಿ ಕಳೆದು ಉಳಿಸೋದು ಎಷ್ಟು? ನೂರು ಗ್ರಾಂ ಸುತ್ತಮುತ್ತ. ಅರ್ಧ ಲೋಟ ನೀರು ಹೆಚ್ಚು ಕುಡಿದರೆ ಲೆಕ್ಕ ಸಮ. ಸೊಟ್ಟ ಚಕ್ರ ಗ್ರಾಂ ಲೆಕ್ಕದಲ್ಲಿ ಎಷ್ಟೇ ಹಗುರ ಇದ್ದರೂ ಹೆಗಲ ಮೇಲೆ ಹೊತ್ತು ಮನೆಗೆ ಹೋಗೋದೇ.

ತಮಾಷೆ ಅಂದರೆ, ಈ ಗಟ್ಟಿನೆಲದ ಆಟವನ್ನು ಬೆಳೆಸಿದ್ದೇ ಸಿಯಾಟಲ್‌ನ ಕೊರಿಯರ್ ಹುಡುಗರು, ದಿನಾ ಓಡಿಸುವ ಸೈಕಲ್ಲುಗಳಲ್ಲೇ. ಸ್ಕೀ ಕೋಲಿಗೆ ಪ್ಲಾಸ್ಟಿಕ್ ಪೈಪಿನ ತುಂಡು ಸಿಕ್ಕಿಸಿದರೆ ಮ್ಯಾಲೆಟ್. ಹುಲ್ಲಿನ ಮೇಲಿನ ಆಟ ಇನ್ನೂ ಹಳೇದು, 1891ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ್ದು, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವೂ ಆಗಿತ್ತು. ಇವರಲ್ಲಿ ಯಾರಿಗೂ ಚಿನ್ನದ ಚೈನು ಬೇಕಾಗಿರಲಿಲ್ಲ. ನನಗೆ ಆ ಚೈನು ಚೆಂದ ಕಾಣುತ್ತೆ ಅನ್ನೋದು ಬೇರೆ ಮಾತು, ಅದನ್ನ ಇಲ್ಲಿ ಮುಚ್ಚಿಡೋಲ್ಲ.

ಆ ಚಕ್ರವೇ ಬೇಕು ಅಂತ ಹಟವಿದ್ದರೆ ಕನಿಷ್ಠ ಕವರ್ ಹಾಕಿ. ಪೆಟ್ಟಿಗೆಗಳಿಗೆ ಬಳಸುವ, ಒಳಗೆ ಕೊಳವೆ ಕೊಳವೆ ಇರುವ ಪ್ಲಾಸ್ಟಿಕ್ ಹಾಳೆ. ರಿಮ್ಮಿನ ಒಳ ಅಂಚಿನ ಅಳತೆಗೆ ದುಂಡಗೆ ಕತ್ತರಿಸಿ, ನಡುವೆ ಹಬ್ಬಿಗೆ ತೂತು ಮಾಡಿ, ಅಂಚಿನಿಂದ ನಡುವಿನ ತನಕ ಒಂದು ಸೀಳು ಕೊಡಿ. ಹಬ್ಬಿನ ಕಡೆ ಕಡ್ಡಿಗಳು ಹೊರಗೆ ಉಬ್ಬಿರೋದರಿಂದ ಸೀಳಿನ ಎರಡು ಅಂಚನ್ನು ಒಂದರ ಮೇಲೊಂದು ಎರಡು ಮೂರು ಸೆಂ.ಮೀ. ಏರಿಸಿದರೆ ಹಾಳೆ ಅಗಲ ಮೊರದ ಹಾಗೆ ಕೂರುತ್ತೆ. ಜಿಪ್ ಟೈಗಳಿಂದ ಕಡ್ಡಿಗೆ ಕಟ್ಟಿ, ಬಾಲ ಕತ್ತರಿಸಿ. ವಾಲ್ವಿಗೆ ಕಿಂಡಿ ಮರೆತರೆ ಗಾಳಿ ಹಾಕಲು ಎಲ್ಲ ಬಿಚ್ಚಬೇಕು. ಕವರಿನಿಂದ ಚೆಂಡು ಚಕ್ರದೊಳಗಿಂದ ನುಸುಳೋಲ್ಲ, ಮ್ಯಾಲೆಟ್ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳೋಲ್ಲ. ಜೋರು ಗಾಳಿಯಲ್ಲಿ ರಸ್ತೆಗಿಳಿಯೋ ಮುಂಚೆ ಮುಂದಿನದನ್ನು ಬಿಚ್ಚಿ, ಅಡ್ಡಗಾಳಿಗೆ ಹ್ಯಾಂಡಲ್ಲೇ ತಿರುಗುತ್ತೆ.

ಟೈರು ನುಣುಪಿರಲಿ, 26ಕ್ಕೆ ಒಂದೂವರೆ ಇಂಚಾದರೂ ಅಗಲ ಇರಲಿ. ಸೀಟು ಯಾವುದಾದರೂ ಆಗುತ್ತೆ.

ಇಷ್ಟೆಲ್ಲ ಬರೆದು ಆ ಪಟ್ಟಿಯನ್ನ ಇನ್ನೊಮ್ಮೆ ತೆಗೆದು ನೋಡಿದೆ. ಹ್ಯಾಂಡಲ್ಲಿನ ಎರಡು ತುದಿಗೆ ಹಾಕುವ ಮುಚ್ಚಳವೇ ಅದರಲ್ಲಿಲ್ಲ. ಅದಿಲ್ಲದೆ ಅಂಕಣಕ್ಕೆ ಇಳಿಯೋಕೇ ಬಿಡೋಲ್ಲ, ಬಿದ್ದವರ ಮೈಗೆ ಬೋಳು ಕೊಳವೆ ನಾಟುತ್ತೆ ಅಂತ. ಹ್ಯಾಂಡಲ್ಲಿಗೆ ಸುತ್ತುವ ಟೇಪು ಮಾತ್ರ ಎರಡು ಬಣ್ಣದ್ದು ಬರೆದಿದ್ದಾರೆ.