ಮಹಡಿ ಇಳಿದು ಬಂದ ಮೇಷ್ಟ್ರು

ಎ.ಕೆ. ರಾಮಾನುಜನ್ ಹೆಸರು ಎತ್ತಿದರೆ ‘ಓ, ಆ ಇಂಗ್ಲಿಷ್ ಕವಿ’ ಅನ್ನುತ್ತಾರೆ. ಇನ್ನು ಕೆಲವರು ‘ಶಿಕಾಗೋದಲ್ಲಿ ಪ್ರೊಫೆಸರ್ ಆಗಿದ್ದರು ಅಲ್ವಾ?’ ಅನ್ನುತ್ತಾರೆ. ಎರಡೂ ನಿಜ. ಆದರೆ ಅವರು 1955ರಲ್ಲೇ ಗಾದೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಿದ್ದರು. ‘ಹೊಕ್ಕುಳಲ್ಲಿ ಹೂವಿಲ್ಲ’, ‘ಮತ್ತು ಇತರ ಕವಿತೆಗಳು’, ‘ಕುಂಟೋಬಿಲ್ಲೆ’ ಅಂತ ಮೂರು ಕವನ ಸಂಕಲನ ಕೊಟ್ಟರು. ‘ಮತ್ತೊಬ್ಬನ ಆತ್ಮಚರಿತ್ರೆ’ ಅನ್ನೋ ಪುಟ್ಟ ಕಾದಂಬರಿ ಬರೆದರು. ನಮ್ಮ ಮೈಸೂರಿನವರನ್ನು ನಾವೇ ಇಂಗ್ಲಿಷಿಗೆ ಬಿಟ್ಟುಕೊಟ್ಟಿದ್ದೇವೆ ಅಂತ ನನಗೆ ಬೇಜಾರು.

ಅವರು ಹುಟ್ಟಿದ್ದು 1929ರಲ್ಲಿ. ಅಪ್ಪ ಗಣಿತದ ಪ್ರೊಫೆಸರ್. ಮಹಡಿ ಮೇಲೆ ಅಪ್ಪನ ಓದುವ ಕೋಣೆ, ಅಲ್ಲಿ ಇಂಗ್ಲಿಷು, ಸಂಸ್ಕೃತ. ಕೆಳಗೆ ಅಡುಗೆಮನೆಯಲ್ಲಿ ತಮಿಳು. ಹೊಸಿಲು ದಾಟಿ ಬೀದಿಗೆ ಬಂದರೆ ಕನ್ನಡ. ಇಂಥ ಮನೆಯ ಹುಡುಗರು ಓದಿ ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಮಹಡಿ ಮೇಲೇ ಉಳಿದುಬಿಡುತ್ತಾರೆ. ರಾಮಾನುಜನ್ ಹಾಗೆ ಮಾಡಲಿಲ್ಲ. ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗಲೇ ಸುತ್ತಮುತ್ತಲ ಜನ ಹೇಳುವ ಕತೆಗಳನ್ನು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು.

1962ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಸೇರಿದ ಹೊಸತು. ಒಂದು ಶನಿವಾರ ಹಳೆಗಾಲದ ತಮಿಳಿನ ವ್ಯಾಕರಣ ಪುಸ್ತಕ ಹುಡುಕಿಕೊಂಡು ಲೈಬ್ರರಿಯ ನೆಲಮಾಳಿಗೆಗೆ ಇಳಿದರು. ಕೈಗೆ ಸಿಕ್ಕಿದ್ದು ಸಂಗಂ ಕಾಲದ, ಅಂದರೆ ತೀರಾ ಪ್ರಾಚೀನ ತಮಿಳು ಕವಿತೆಗಳ ಸಂಗ್ರಹ, 1937ರಲ್ಲಿ ತಮಿಳು ವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ್ದು. ಮನೆಮಾತು ತಮಿಳಾದರೂ ಆ ಕವಿತೆಗಳ ಪರಿಚಯ ಅವರಿಗೆ ಅಷ್ಟಿರಲಿಲ್ಲ. ಆಮೇಲೆ ಜೀವನಪೂರ್ತಿ ಅವನ್ನು ಅನುವಾದಿಸಿದರು. 1973ರಲ್ಲಿ ನಮ್ಮ ವಚನಗಳನ್ನು ಇಂಗ್ಲಿಷಿಗೆ ತಂದರು, 1976ರಲ್ಲಿ ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’ವನ್ನು. ಇವೆಲ್ಲ ಎಲ್ಲರಿಗೂ ಗೊತ್ತಿರೋದೇ.

ನನಗೆ ಜಾಸ್ತಿ ಇಷ್ಟ ಅವರ ರಾಮಾಯಣದ ಪ್ರಬಂಧ. ಅದರಲ್ಲಿ ನಮ್ಮ ಕನ್ನಡದ ಜನಪದ ಕತೆ ಒಂದಿದೆ. ಮಕ್ಕಳಿಲ್ಲದ ರಾವುಳನಿಗೆ, ಅಂದರೆ ರಾವಣನಿಗೆ, ಶಿವ ಮಾವಿನಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ ಕೊಡ್ತೀನಿ, ವಾಟೆ ನಾನು ಚೀಪ್ತೀನಿ ಅಂತ ರಾವುಳ ಮಾತು ಕೊಡುತ್ತಾನೆ. ಆದರೆ ತಿರುಳು ತಾನು ತಿಂದು ವಾಟೆ ಅವಳಿಗೆ ಕೊಡುತ್ತಾನೆ. ಗರ್ಭ ನಿಲ್ಲೋದು ಇವನಿಗೇ! ದಿನಕ್ಕೊಂದು ತಿಂಗಳು ತುಂಬುತ್ತದೆ. ಒಂಬತ್ತನೇ ದಿನ ಸೀನುತ್ತಾನೆ, ಮಗು ಹೊರಬರುತ್ತದೆ. ಸೀತದ್ದಕ್ಕೆ ಹುಟ್ಟಿದವಳು ಸೀತೆ. ಈ ಸೊಗಸು ಕನ್ನಡದಲ್ಲಿ ಮಾತ್ರ ಸಾಧ್ಯ. ರಾಮಾನುಜನ್ ಇದನ್ನು ವಾಲ್ಮೀಕಿ, ತಮಿಳಿನ ಕವಿ ಕಂಬರ ಪಕ್ಕದಲ್ಲೇ ಕೂರಿಸಿದರು, ಒಂದು ಮಣೆಯೂ ಕೆಳಗಿಳಿಸದೆ. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಈ ಪ್ರಬಂಧವನ್ನು ಪಠ್ಯದಿಂದ ತೆಗೆದುಹಾಕಿತು. ಇದು ತಪ್ಪು ಅಂತ ಅವತ್ತೂ ಅಂದುಕೊಂಡಿದ್ದೆ, ಇವತ್ತೂ ಹಾಗೇ ಅನ್ನಿಸುತ್ತದೆ. ಈ ಕತೆ ಹೇಳಿಕೊಂಡು ಬಂದವರು ನಮ್ಮ ಜನ. ಅವರ ರಾಮಾಯಣಕ್ಕೆ ತರಗತಿಯಲ್ಲಿ ಜಾಗ ಇಲ್ಲವಾ?

ಅವರ ಜನಪದ ಕತೆಗಳ ಪುಸ್ತಕ ಶುರುವಾಗೋದೂ ಒಂದು ಕನ್ನಡದ ಕತೆಯಿಂದಲೇ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳಲ್ಲ. ಒಳಗಿದ್ದೂ ಇದ್ದೂ ಉಸಿರುಗಟ್ಟಿ, ಅವಳು ನಿದ್ದೆಯಲ್ಲಿದ್ದಾಗ ಎರಡೂ ಬಾಯಿಂದ ಹಾರಿಬಿಡುತ್ತವೆ. ಕತೆ ಬಾಗಿಲ ಹತ್ತಿರ ಒಂದು ಜೊತೆ ಜೋಡು ಆಗುತ್ತದೆ, ಹಾಡು ಗೂಟದ ಮೇಲೆ ಗಂಡಸಿನ ಕೋಟು. ಗಂಡ ಬಂದು ‘ಯಾರು ಬಂದಿದ್ದಾರೆ?’ ಅಂತ ಜಗಳ ತೆಗೆಯುತ್ತಾನೆ. ಕಂಬಳಿ ಹೊದ್ದು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಅದೇ ಗುಡಿಗೆ ಬಂದು ಹರಟುತ್ತವಂತೆ. ತಡವಾಗಿ ಬಂದ ಅವನ ಮನೆ ದೀಪ ಅಲ್ಲಿ ಎಲ್ಲಾ ಹೇಳಿಬಿಡುತ್ತದೆ. ಅವನು ಬೆಳಿಗ್ಗೆ ಮನೆಗೆ ಹೋಗಿ ಆ ಕತೆ, ಆ ಹಾಡು ಏನು ಅಂತ ಕೇಳಿದರೆ ಅವಳು, ‘ಯಾವ ಕತೆ? ಯಾವ ಹಾಡು?’ ಅಂತಾಳೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮಜ್ಜಿ ಅವರೆಕಾಯಿ ಸುಲಿಯುತ್ತಾ ಏಳು ಜನ ಅಣ್ಣಂದಿರ ತಂಗಿಯ ಕತೆ ಹೇಳುತ್ತಿದ್ದರು. ನಾನು ಕಾಲೇಜು, ಕೆಲಸ ಅಂತ ಓಡಾಡಿಕೊಂಡಿದ್ದೆ, ಬರೆದಿಟ್ಟುಕೊಳ್ಳಲಿಲ್ಲ. ಮೊನ್ನೆ ಅಮ್ಮನನ್ನು ಕೇಳಿದೆ. ಸೊಪ್ಪು ಬಿಡಿಸುತ್ತಾ ಮುಕ್ಕಾಲು ಹೇಳಿದರು. ತಂಗಿ ಬಾವಿ ಹತ್ತಿರ ಹೋಗೋವರೆಗೂ ಬಂತು. ಆಮೇಲೆ ಸುಮ್ನೆ ಕೂತುಬಿಟ್ಟರು. ‘ನಿಮ್ಮ ದೊಡ್ಡಮ್ಮಂಗೆ ಗೊತ್ತಿರುತ್ತೆ ಕಣೋ, ಕೇಳು’ ಅಂದರು.

ದೊಡ್ಡಮ್ಮನಿಗೆ ಎಂಬತ್ತೆರಡು. ಭಾನುವಾರ ಬೆಳಿಗ್ಗೆ ಬಸ್ಸಿಗೇ ಹೊರಡುತ್ತಿದ್ದೇನೆ.