ಸಾಸಿವೆ ಬಿತ್ತಿ ಮಣ್ಣಿನ ವಿಷ ತೆಗೆಯುವವರಿಗೆ ಒಂದು ಲೆಕ್ಕ

"ಕೊಳಚೆ ನೀರು ಹರಿದ ಹೊಲಕ್ಕೆ ಸಾಸಿವೆ, ಸೂರ್ಯಕಾಂತಿ ಹಾಕಿ, ಗಿಡವೇ ಕ್ಯಾಡ್ಮಿಯಂ, ಸೀಸ ಹೀರಿ ನೆಲ ಚೊಕ್ಕ ಮಾಡುತ್ತದೆ" ಎಂಬ ಪೋಸ್ಟ್ ಮತ್ತೆ ಸುತ್ತುತ್ತಿದೆ. ಈ ವಿಷಲೋಹಗಳನ್ನು ಗಿಡ ಹೀರುವುದು ನಿಜ. ಎಷ್ಟು ಹೀರುತ್ತದೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 20 ಲಕ್ಷ ಕೆ.ಜಿ. ಅದರಲ್ಲಿ ಕೆ.ಜಿ.ಗೆ 5 ಮಿ.ಗ್ರಾಂ ಕ್ಯಾಡ್ಮಿಯಂ ಇದ್ದರೆ ಒಟ್ಟು 10 ಕೆ.ಜಿ. ಆಯಿತು. ಸಾಸಿವೆ ಗಿಡ ಒಣಗಿದ ಮೇಲೆ 5 ಟನ್ ತೂಗಿ, ಕೆ.ಜಿ.ಗೆ 20 ಮಿ.ಗ್ರಾಂ ಹೀರಿತು ಎಂದು ಧಾರಾಳವಾಗಿಯೇ ಹಿಡಿಯೋಣ. ಒಂದು ಬೆಳೆಗೆ ಹೊರಬಂದದ್ದು 100 ಗ್ರಾಂ! ಮಣ್ಣನ್ನು 2 ಮಿ.ಗ್ರಾಂಗೆ ಇಳಿಸಲು 60 ಬೆಳೆ ಬೇಕು. ಮಣ್ಣಿನಲ್ಲಿ ಕಮ್ಮಿಯಾದಂತೆ ಗಿಡ ಹೀರುವುದೂ ಕಮ್ಮಿ, ಹಾಗಾಗಿ 60 ಕೂಡ ಸಾಲದು. ಕಿತ್ತ ಗಿಡವನ್ನು ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಅದೇ ಹೊಲಕ್ಕೆ ವಾಪಸ್. ಸೀಸದ ಕಥೆ ಇನ್ನೂ ಕಷ್ಟ, ಬೇರು ಬಿಟ್ಟು ಮೇಲೇರುವುದೇ ಕಡಿಮೆ. ಲೋಹವನ್ನು ಕರಗಿಸುವ ಇಡಿಟಿಎ ಎಂಬ ರಾಸಾಯನಿಕ ಸುರಿದು ಏರಿಸಬಹುದು, ಆದರೆ ಕರಗಿದ ಸೀಸ ಅಂತರ್ಜಲಕ್ಕೂ ಇಳಿಯುತ್ತದೆ.

ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನೀರು ಹಾಯುವ ಬೈರಮಂಗಲದಂಥ ಕಡೆ ರೈತರ ಕೈಯಲ್ಲಿ ಇರುವುದು ಬೆಳೆಯ ಆಯ್ಕೆ. ಕ್ಯಾಡ್ಮಿಯಂ ಹೆಚ್ಚು ಸೇರುವುದು ಪಾಲಕ್, ದಂಟು, ಮೆಂತ್ಯದಂಥ ಸೊಪ್ಪಿಗೆ. ಸೀಸ ಹೆಚ್ಚಿದ್ದರೆ ಕ್ಯಾರೆಟ್, ಮೂಲಂಗಿಯೂ ಬೇಡ. ಸೋರೆ, ಹೀರೆ, ಬೀನ್ಸ್‌ನಂಥ ಕಾಯಿಗಳಲ್ಲಿ ಸಾಮಾನ್ಯವಾಗಿ ತೀರಾ ಕಡಿಮೆ. ನನ್ನನ್ನು ಕೇಳಿದರೆ ಅಲ್ಲಿ ಹೂವೇ ವಾಸಿ. ಅಂದಹಾಗೆ, ತೊಳೆದರೆ ಹೋಗುವುದು ಎಲೆಯ ಮೇಲಿನ ದೂಳು, ಅದಕ್ಕಂಟಿದ ಸೀಸ. ಎಲೆಯೊಳಗಿನ ಕ್ಯಾಡ್ಮಿಯಂ ಉಪ್ಪುನೀರಿಗೂ ಹುಣಸೆನೀರಿಗೂ ಜಗ್ಗುವುದಿಲ್ಲ.

ಇನ್ನು ಸುಣ್ಣ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಕಮ್ಮಿಯಾದಷ್ಟೂ ಹುಳಿ) 6ಕ್ಕಿಂತ ಕೆಳಗಿದ್ದರೆ ಕ್ಯಾಡ್ಮಿಯಂ ಸಲೀಸಾಗಿ ಬೇರಿಗೆ ಸಿಗುತ್ತದೆ. ಪರೀಕ್ಷೆ ಹೇಳಿದಷ್ಟು ಕೃಷಿ ಸುಣ್ಣವನ್ನು ಬಿತ್ತನೆಗೆ ಎರಡು-ಮೂರು ವಾರ ಮೊದಲೇ 15 ಸೆಂ.ಮೀ. ಆಳಕ್ಕೆ ಬೆರೆಸಿ 6.5–7ಕ್ಕೆ ತನ್ನಿ. ಈಗಾಗಲೇ 7 ದಾಟಿದ್ದರೆ ಸುಣ್ಣ ದಂಡ. ದಂಡ ಮಾತ್ರವಲ್ಲ, ಹೆಚ್ಚಾದ ಸುಣ್ಣದಿಂದ ಸತುವು ಸಿಗದೆ ಸೊರಗಿದ ಗಿಡ ಸತುವಿನ ದಾರಿಯಲ್ಲೇ ಕ್ಯಾಡ್ಮಿಯಂ ಎಳೆದುಕೊಳ್ಳುತ್ತದೆ. ಸತುವಿನ ಕೊರತೆ ಕಂಡರೆ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಕೊಡಿ. ಉಪ್ಪು ನೀರು ಹಾಯಿಸಿದರೂ ಪೆಟ್ಟು, ಕ್ಲೋರೈಡ್ ಕ್ಯಾಡ್ಮಿಯಂ ಅನ್ನು ಮಣ್ಣಿನ ಹಿಡಿತದಿಂದ ಬಿಡಿಸುತ್ತದೆ.

ಭತ್ತಕ್ಕೆ ಬೇರೆಯೇ ಫಜೀತಿ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕಾಳಿಗೆ ಹೋಗುವ ಕ್ಯಾಡ್ಮಿಯಂ ಇಳಿಯುತ್ತದೆ, ಇನ್ನೊಂದು ವಿಷವಾದ ಆರ್ಸೆನಿಕ್ ಏರುತ್ತದೆ. ನೀರು ಬಸಿದರೆ ಉಲ್ಟಾ. ಹೊಲದಲ್ಲಿ ಯಾವುದಿದೆ ಎಂದು ಗೊತ್ತಿಲ್ಲದೆ ಸಲಹೆ ಕೊಡುವವರನ್ನು ನಂಬಬೇಡಿ.

ಗೊತ್ತಾಗುವುದು ಹೇಗೆ? ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಅದರಲ್ಲಿ ಎಲ್ಲ ಹಸಿರು ಬಂದರೂ ಈ ವಿಷಯದಲ್ಲಿ ಅದಕ್ಕೆ ಅರ್ಥವಿಲ್ಲ. ಹೊಲದ ಎಂಟು-ಹತ್ತು ಕಡೆಯಿಂದ 15 ಸೆಂ.ಮೀ.ವರೆಗಿನ ಮಣ್ಣು ತೆಗೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ. ಸತು ಲೇಪಿಸಿದ ಬಕೆಟ್ ಬೇಡ, ಸತುವಿನ ಅಂಕಿ ಕೆಡುತ್ತದೆ. ಲ್ಯಾಬಿನಲ್ಲಿ ಒಟ್ಟು ಪ್ರಮಾಣದ ಜೊತೆ ಡಿಟಿಪಿಎ ಪರೀಕ್ಷೆಯನ್ನೂ ಕೇಳಿ, ಗಿಡಕ್ಕೆ ಸಿಗುವ ಪಾಲಿನ ಅಂದಾಜು ಅದರಿಂದಲೇ. ಕೊಯ್ಲಿನ ಸೊಪ್ಪನ್ನೂ ಕಳಿಸಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಸೊಪ್ಪಿಗೆ ಕೆ.ಜಿ.ಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿ.ಗ್ರಾಂ. ಇದು ಹಸಿ ತೂಕದ ಲೆಕ್ಕ. ವರದಿ ಒಣ ತೂಕದಲ್ಲಿದ್ದರೆ ಅಂಕಿ ಹತ್ತು ಪಟ್ಟು ದೊಡ್ಡದಾಗಿ ಕಾಣಬಹುದು, ಪೇಪರಿನವರು ಬೆಚ್ಚಿಬೀಳುವುದು ಎಷ್ಟೋ ಸಲ ಇಲ್ಲೇ.