ಸದ್ದೇ ಇಲ್ವಲ್ಲೋ!

ನಿನ್ನೆ ರಾತ್ರಿಯೂ ಅಪ್ಪ ಆಫ್ ಮಾಡಿದ್ದಾರೆ, ಸಿನಿಮಾ ನೋಡೋಕೆ ಟಿವಿಗೆ ಸಿಕ್ಕಿಸಿರುವ ನನ್ನ ಪುಟ್ಟ ಕಂಪ್ಯೂಟರನ್ನು. ಸಿನಿಮಾ ಪಾಜ್ ಮಾಡಿ, ಟಿವಿ ಆಫ್ ಮಾಡಿ ಊಟಕ್ಕೆ ಎದ್ದಿದ್ದೆ, ಅಷ್ಟೇ. ಸಾರನ್ನ ತಿಂದು, ಮಜ್ಜಿಗೆ ಕುಡಿದು, ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರೆ ಗೋಡೆಯ ಸ್ವಿಚ್ಚಿನ ಮೂತಿ ಮೇಲಕ್ಕಿದೆ.

ಈ ಸಿನಿಮಾದ ಮೊದಲ 50 ನಿಮಿಷ ನನಗೀಗ ಬಾಯಿಪಾಠ. ಸಿನಿಮಾ ನೋಡೋಕೆ ನಾನು ಅದರಲ್ಲಿ ಹಾಕಿಕೊಂಡಿರುವ ಸಾಫ್ಟ್‌ವೇರ್ ಹೆಸರು ಕೋಡಿ (ಕೆರೆ ಕೋಡಿ ಅಲ್ಲ). ನಾವೇ ಸ್ಟಾಪ್ ಒತ್ತಿದರೆ ಎಲ್ಲಿವರೆಗೆ ನೋಡಿದ್ದೆವು ಅಂತ ಅದು ನೆನಪಿಟ್ಟುಕೊಳ್ಳುತ್ತದೆ. ಪಾಜ್ ಮಾಡಿ ಬಿಟ್ಟು ಹೋದಾಗ ಕರೆಂಟೇ ಹೋದರೆ ಪಾಪ ಅದಾದರೂ ಏನು ಮಾಡೀತು, ಮತ್ತೆ ಮೊದಲಿಂದ. ಹೆಣ ಸಿಕ್ಕಿದ್ದನ್ನು ಐದು ಸಲ ನೋಡಿದ್ದೇನೆ. ಕೊಂದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ತಪ್ಪು ನನ್ನದೇ. ಮೊದಲು ಒಂದು ಹಳೇ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ್ದೆ. ಅದರ ಪುಟಾಣಿ ಫ್ಯಾನ್ ಹೆಂಗೆ ಕಿರುಚುತ್ತಿತ್ತು ಅಂದರೆ ಸಿನಿಮಾದಲ್ಲಿ ಯಾರಾದರೂ ಪಿಸುಗುಟ್ಟಿದರೆ ಕೇಳುತ್ತಲೇ ಇರಲಿಲ್ಲ. ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಸೀನಿನಲ್ಲಿ ಬಾಂಬು. ಸದ್ದೇ ಮಾಡದ ಒಂದು ಚಿಕ್ಕ ಕಂಪ್ಯೂಟರ್ ನಾನೇ ಜೋಡಿಸುತ್ತೇನೆ ಅಂತ ಹಟಕ್ಕೆ ಬಿದ್ದೆ. 17 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ, ಮಿನಿ ಐಟಿಎಕ್ಸ್ ಅನ್ನೋ ಅಳತೆಯ ಮದರ್ ಬೋರ್ಡು. ಅದರಲ್ಲಿ 6 ವ್ಯಾಟಿನ ಇಂಟೆಲ್ ಎನ್100 ಪ್ರೊಸೆಸರ್ ಚಿಪ್ಪು, ಅದರ ತಲೆ ಮೇಲೆ ಫ್ಯಾನ್ ಇಲ್ಲ, ಬರೀ ಬಿಸಿ ಹೀರೋ ಅಲ್ಯೂಮಿನಿಯಂ. ತಿರುಗೋ ಹಾರ್ಡ್ ಡಿಸ್ಕ್ ಬೇಡ ಅಂತ ಎಸ್‌ಎಸ್‌ಡಿ. ಬೆಂಗಳೂರಿನ ಸೆಕೆಗೆ ಇರಲಿ ಅಂತ ಪೆಟ್ಟಿಗೆಗೆ ಒಂದೇ ಒಂದು 120 ಮಿಲಿಮೀಟರ್ ಫ್ಯಾನ್. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ, ಚಿಕ್ಕದು ಅಷ್ಟೇ ಗಾಳಿಗೆ ಒದ್ದಾಡಿ ಒದ್ದಾಡಿ ಕೂಗುತ್ತದೆ.

ಬಣ್ಣಬಣ್ಣದ ಲೈಟಿನ ಕಂಪ್ಯೂಟರ್ ಫ್ಯಾನುಗಳನ್ನೇ ಮಾರೋ ಎಸ್.ಪಿ. ರೋಡಿನ ಅಂಗಡಿಯವನಿಗೆ ಮಾತ್ರ ನನ್ನ ಮೇಲೆ ಅನುಮಾನ. "ಲೈಟ್ ಇಲ್ಲದ ಫ್ಯಾನಾ ಸಾರ್?" ಉಪ್ಪಿಲ್ಲದ ಉಪ್ಪಿಟ್ಟು ಕೇಳಿದವನನ್ನು ನೋಡೋ ಹಾಗೆ ನೋಡಿದ. ಎಲ್ಲೋ ಕೆಳಗಿನ ಸಾಲಿನಿಂದ ಧೂಳು ಊದಿ ಒಂದು ತೆಗೆದುಕೊಟ್ಟ.

ಜೋಡಿಸಿ ಆನ್ ಮಾಡಿದೆ. ಫ್ಯಾನು ನಿಮಿಷಕ್ಕೆ 600 ಸುತ್ತು. ಸದ್ದು? ಇಲ್ಲ. ಎಷ್ಟು ಇಲ್ಲ ಅಂದರೆ ಫ್ರಿಜ್ ಗೊಣಗೋದು, ಮೇಲಿನ ಮನೆಯವರು ಕುರ್ಚಿ ಎಳೆಯೋದು, ನಮ್ಮ ಸೀಲಿಂಗ್ ಫ್ಯಾನು ಕಟಕ್ ಅನ್ನೋದು ಎಲ್ಲ ಮೊದಲ ಸಲ ಕೇಳಿಸಿತು. ನೀಲಿ ಲೈಟು ಒಂದು ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತಿತ್ತು, ಅದಕ್ಕೂ ಕರಿ ಟೇಪ್ ಅಂಟಿಸಿದೆ. ಈಗ ಸದ್ದೂ ಇಲ್ಲ, ಬೆಳಕೂ ಇಲ್ಲ. ಬೀಗಿದೆ.

ಅಪ್ಪ ಇದ್ದಾರೆ ಅನ್ನೋದನ್ನೇ ಮರೆತಿದ್ದೆ.

ರಾತ್ರಿ ಹತ್ತಾಯಿತು ಅಂದರೆ ಅಪ್ಪನ ಗಸ್ತು ಶುರು. ಮೊದಲು ಗ್ಯಾಸ್ ಸಿಲಿಂಡರ್, ಆಮೇಲೆ ನಲ್ಲಿ, ಆಮೇಲೆ ಬಾಗಿಲ ಚಿಲಕ, ಕೊನೆಗೆ ಸ್ವಿಚ್ಚುಗಳು. ಟಕ್, ಟಕ್, ಟಕ್. ಗೃಹಜ್ಯೋತಿ ಬಂದ ಮೇಲಂತೂ ಕೇಳೋದೇ ಬೇಡ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಆ 200ರ ಗೆರೆಯನ್ನು ಅವರು ಗಡಿ ಕಾಯೋ ಹಾಗೆ ಕಾಯುತ್ತಾರೆ.

"ಅಪ್ಪಾ, ಅದು ತಿಂಗಳಿಡೀ ಆನ್ ಇದ್ದರೂ 7 ಯೂನಿಟ್ ಅಷ್ಟೇ," ಅಂತ ಲೆಕ್ಕ ಹಾಕಿ ತೋರಿಸಿದೆ. ಇಡೀ ಪೆಟ್ಟಿಗೆಗೆ 10 ವ್ಯಾಟ್, 24 ಗಂಟೆ, 30 ದಿನ.

"ಹೋದ ತಿಂಗಳು ನಮ್ಮದು 194."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ಬೇಡಿಕೊಂಡೆ, ಆಫ್ ಮಾಡೋ ಮುಂಚೆ ಆನ್ ಇದೆಯಾ ಅಂತ ಒಂದು ಸಲ ನೋಡಿ ಅಂತ. ಅದೇ ತಪ್ಪಾಯಿತು. ಮಾರನೇ ರಾತ್ರಿ ಅಪ್ಪ ಕನ್ನಡಕ ಹಣೆಗೇರಿಸಿ, ಟಿವಿ ಸ್ಟ್ಯಾಂಡಿನ ಮುಂದೆ ಮಂಡಿಯೂರಿ, ಪೆಟ್ಟಿಗೆಗೆ ಕಿವಿ ಹಚ್ಚಿದರು. ಮಗುವಿನ ಎದೆಬಡಿತ ನೋಡೋ ಡಾಕ್ಟರ ಹಾಗೆ. "ಮೇಲಿನ ಫ್ಯಾನ್ ಆಫ್ ಮಾಡೋ, ಏನೂ ಕೇಳಿಸ್ತಿಲ್ಲ." ಮಾಡಿದೆ. "ನಿಮ್ಮಮ್ಮಂಗೆ ಪಾತ್ರೆ ಕುಕ್ಕಬೇಡ ಅನ್ನು." ಅಂದೆ. ಅಡುಗೆಮನೆಯಿಂದ ಬಂದ ಉತ್ತರವನ್ನು ಇಲ್ಲಿ ಬರೆಯೋದಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೇವೆ, ಅಷ್ಟರಲ್ಲಿ ಪಕ್ಕದ ಮನೆಯವರು ಸಂಪಿನ ಮೋಟರ್ ಹಾಕಿದರು. ಗುಂಯ್.

"ಹಾಂ, ಆನ್ ಇದೆ ಕಣೋ!" ಟಕ್.

ಅವತ್ತು ಅದನ್ನು ನಾನೇ ಸರಿಯಾಗಿ ಶಟ್‌ಡೌನ್ ಮಾಡಿ ಅರ್ಧ ಗಂಟೆಯಾಗಿತ್ತು.

ಅವರ ತರ್ಕ ಇದು. ಸದ್ದು ಕೇಳಿಸಿದರೆ ಆನ್ ಇದೆ, ಆಫ್ ಮಾಡಬೇಕು. ಕೇಳಿಸದಿದ್ದರೆ ಆಫ್ ಆಗಿದೆ, ಸ್ವಿಚ್ ಮಾತ್ರ ಸುಮ್ನೆ ಯಾಕೆ ಆನ್ ಇರಬೇಕು? ಈಗ ಕಿವಿ ಬಿಟ್ಟು ಕೈ ಇಟ್ಟು ನೋಡುತ್ತಾರೆ. "ಬೆಚ್ಚಗಿದೆ. ಜಾಸ್ತಿ ಹೊತ್ತಾಗಿಲ್ಲ." ನನ್ನ ಸಿನಿಮಾದಲ್ಲಿ ಇನ್‌ಸ್ಪೆಕ್ಟರು ಹೆಣ ಮುಟ್ಟಿ ಹೇಳೋದೂ ಇದೇ ಮಾತು.

ಚಿಕ್ಕವನಿದ್ದಾಗ ನಮ್ಮ ಟಿವಿ ಕೆಳಗೆ ಒಂದು ಸ್ಟೆಬಿಲೈಸರ್ ಇತ್ತು. ಟಿವಿ ಆಫ್ ಆದ ಮೇಲೂ ಅದು ಗುಂಯ್ ಅನ್ನುತ್ತಾ ಇರುತ್ತಿತ್ತು. ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು ಮಲಗಿರುತ್ತಿದ್ದೆವು. ಅಪ್ಪ ಕತ್ತಲಲ್ಲಿ ನಮ್ಮ ಕಾಲುಗಳನ್ನು ದಾಟಿಕೊಂಡು ಬಂದು ಟಕ್ ಅನ್ನಿಸುತ್ತಿದ್ದರು. ಆ ಗುಂಯ್ ನಿಲ್ಲೋವರೆಗೂ ನನಗೆ ನಿದ್ದೆ ಬರುತ್ತಿರಲಿಲ್ಲ. ಆಗ ಅವರ ಕಣ್ಣು ಚೆನ್ನಾಗಿತ್ತು, ಒಬ್ಬರ ಕಾಲನ್ನೂ ತುಳಿದಿದ್ದಿಲ್ಲ.

ಇರಲಿ. ಮೊನ್ನೆ ನಾನೇ ಸೋತೆ. ಕಂಪ್ಯೂಟರಿನ ಒಳಗಿನ ಸೆಟ್ಟಿಂಗ್ ಬದಲಿಸೋ ಬಯಾಸ್‌ಗೆ ಹೋಗಿ, ಅಷ್ಟು ಕಷ್ಟಪಟ್ಟು ಇಳಿಸಿದ್ದ ಫ್ಯಾನಿನ ವೇಗವನ್ನು 1500ಕ್ಕೆ ಏರಿಸಿದೆ. ದುಡ್ಡು ಕೊಟ್ಟು ಓಡಿಸಿದ್ದ ಸದ್ದನ್ನು ವಾಪಸ್ ಕರೆದ ಹಾಗೆ. ಆನ್ ಇದೆ ಅಂತ ಅಪ್ಪನಿಗೆ ಕೇಳಿಸಲಿ, ಅಷ್ಟು ಸಾಕು ಅಂತ.

ನಿನ್ನೆ ರಾತ್ರಿ ಕೇಳಿದೆ, "ಈಗಂತೂ ಕೇಳಿಸ್ತಿತ್ತಲ್ಲಪ್ಪಾ, ಮತ್ಯಾಕೆ ಆಫ್ ಮಾಡಿದ್ರಿ?"

"ಕೇಳಿಸ್ತು ಕಣೋ. ಇಷ್ಟು ದಿನ ಇಲ್ಲದ್ದು ಏನೋ ಗೊರಗೊರ ಅಂತಿತ್ತು. ಸುಟ್ಟುಗಿಟ್ಟು ಹೋದೀತು ಅಂತ ಆಫ್ ಮಾಡಿದೆ."